ಕೊಟ್ಟ ಎಲೆ-ಅಡಿಕೆ ವಾಪಸ್ ಕೇಳಿದ್ದು

ನನಗೆ ಇದರಲ್ಲಿ ಐವತ್ತೆಂಟು ಸಾವಿರ ರೂಪಾಯಿ ಹೋಯಿತು. ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಊರಿನಲ್ಲಿ ಎಲ್ಲರೂ ಮೊದಲು ಕೇಳಿದ್ದು ಅದನ್ನೇ. ಹೋದದ್ದು ಒಂದು ವಿಮಾನದ ಟಿಕೆಟಿನ ದುಡ್ಡು. ಆ ಟಿಕೆಟಿನ ಮೇಲೆ ಯಾರೂ ಪ್ರಯಾಣ ಮಾಡಲಿಲ್ಲ. ಹಾಸನದ ಟ್ರಾವೆಲ್ಸಿನ ಹುಡುಗ, "ಇನ್ನೊಂದು ಆರು ಸಾವಿರ ಹಾಕಿ ಮೇಡಂ, ಕ್ಯಾನ್ಸಲ್ ಮಾಡಿದ್ರೂ ದುಡ್ಡು ವಾಪಸ್ ಬರೋ ಟಿಕೆಟ್ ಮಾಡಿಕೊಡ್ತೀನಿ" ಅಂದಿದ್ದ. ನಾನು ಅವನ ಜೊತೆ ಮುಕ್ಕಾಲು ಗಂಟೆ ಚೌಕಾಸಿ ಮಾಡಿ, ವಾಪಸ್ ಬರದ ಟಿಕೆಟನ್ನೇ ಇನ್ನೂ ಎರಡು ಸಾವಿರ ಇಳಿಸಿ ತೆಗೆದುಕೊಂಡೆ. ಮೇಲೆ ಕೊಸರು ಅಂತ ಎರಡು ಪಾಸ್‌ಪೋರ್ಟ್ ಕವರನ್ನೂ ಇಸಿದುಕೊಂಡೆ.

ದುಡ್ಡು ಉಳಿಸುವುದಕ್ಕಷ್ಟೇ ಹಾಗೆ ಮಾಡಿದ್ದಲ್ಲ. ವಾಪಸ್ ಬರದ ಟಿಕೆಟ್ ಆಗಿಬಿಟ್ಟರೆ ನನ್ನ ಜೊತೆ ಬರುವವಳು ಹಿಂದೆ ಸರಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಅದನ್ನು ಯೋಚಿಸಿಯೇ ತೆಗೆದುಕೊಂಡೆ. ಇದನ್ನು ಬರೆಯುವುದಕ್ಕೆ ನನಗೆ ಒಂದು ವರ್ಷ ಹಿಡಿಯಿತು.

ಹೊಳೆನರಸೀಪುರದ ಬಸ್ ಸ್ಟ್ಯಾಂಡಿನಿಂದ ನಡೆದು ಹೋಗುವಷ್ಟು ದೂರದಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಎಂಟು ಮಿಷನ್ನು, ಒಂಬತ್ತು ಹೆಣ್ಣುಮಕ್ಕಳು. ಲಂಗ, ನೈಟಿ, ರವಿಕೆ, ಶಾಲೆ ಮಕ್ಕಳ ಯೂನಿಫಾರ್ಮ್. ಅರಕಲಗೂಡು, ಚನ್ನರಾಯಪಟ್ಟಣದ ಅಂಗಡಿಗಳಿಗೆ ನಾನೇ ಚೀಲ ಹೊತ್ತು ಬಸ್ಸಿನಲ್ಲಿ ಹೋಗಿ ಮಾಲು ಹಾಕಿ ಬರುತ್ತಿದ್ದ ಕಾಲವಿತ್ತು. ಈಗ ಅವರೇ ಫೋನ್ ಮಾಡುತ್ತಾರೆ. ಎಸ್ಸೆಸ್ಸೆಲ್ಸಿಗೆ ಓದು ನಿಂತಿತು. ಮೊದಲನೇ ಮಿಷನ್ನನ್ನು ಸೆಕೆಂಡ್ ಹ್ಯಾಂಡಿನಲ್ಲಿ ತಂದಾಗ ನಮ್ಮ ತಂದೆಯವರು, ವ್ಯಾಪಾರಸ್ಥರ ಮನೆ ಹುಡುಗಿ ಬೇರೆಯವರ ಬಟ್ಟೆ ಹೊಲಿಯೋದಾ ಎಂದು ಎರಡು ತಿಂಗಳು ಮಾತು ಬಿಟ್ಟಿದ್ದರು. ಆಮೇಲೆ ಅವರ ಷರಟನ್ನೂ ನಾನೇ ಹೊಲಿದೆ. ಆ ಕಥೆ ಇಲ್ಲಿ ಬೇಡ.

ಹಾಸನದಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವ ಒಂದು ಸಂಸ್ಥೆ ಇದೆ. ಆಗಾಗ ನನ್ನನ್ನು ಕರೆದು ಅಂಗಡಿ ನಡೆಸುವ ಬಗ್ಗೆ ನಾಲ್ಕು ಮಾತು ಆಡಿಸುತ್ತಿದ್ದರು. ಹೋದ ವರ್ಷ ಅಲ್ಲಿನ ಮುಖ್ಯಸ್ಥೆ ಒಂದು ವಿಷಯ ಹೇಳಿದರು. ಉತ್ತರ ಆಫ್ರಿಕದ ಒಂದು ದೇಶದಲ್ಲಿ, ಸಮುದ್ರದಿಂದ ಸ್ವಲ್ಪ ಒಳಗಿನ ಒಂದು ಸಣ್ಣ ಊರಿನಲ್ಲಿ, ಇಂಥದ್ದೇ ಒಂದು ಮಹಿಳಾ ಕೇಂದ್ರವಿದೆ. ಬೇಸಿಗೆಯ ಎರಡು ತಿಂಗಳು ಅಲ್ಲಿಗೆ ಸ್ವಯಂಸೇವಕರಾಗಿ ಹೋಗಿ ಕಲಿಸಬೇಕು. ಸಂಬಳವಿಲ್ಲ. ಊಟ, ವಸತಿ ಅವರದು, ಹೋಗಿಬರುವ ಖರ್ಚು ನಮ್ಮದು. ಒಂದು ಷರತ್ತು: ಒಬ್ಬರೇ ಹೋಗುವಂತಿಲ್ಲ. ಒಂದೇ ಕಡೆಯ, ಪರಸ್ಪರ ಪರಿಚಯವಿರುವ ಇಬ್ಬರು ಹೆಂಗಸರು ಜೋಡಿಯಾಗಿ ಹೋಗಬೇಕು.

ಅವರ ಬೇಸಿಗೆ ಎಂದರೆ ನಮಗೆ ಆಷಾಢ, ಶ್ರಾವಣ. ಆಷಾಢದಲ್ಲಿ ಮದುವೆ ಇಲ್ಲ, ಮದುವೆ ಇಲ್ಲದಿದ್ದರೆ ರವಿಕೆ ಇಲ್ಲ. ಯೂನಿಫಾರ್ಮಿನ ಗದ್ದಲ ಜೂನಿಗೇ ಮುಗಿದಿರುತ್ತದೆ. ಗೌರಿ ಹಬ್ಬದ ಹೊತ್ತಿಗೆ ವಾಪಸ್ ಬಂದರೆ ಅಂಗಡಿಗೆ ನಷ್ಟವೇ ಇಲ್ಲ. ಇದು ನನ್ನ ತಲೆಗೆ ಒಂದು ನಿಮಿಷದಲ್ಲಿ ಹೊಳೆಯಿತು. ಸೇವೆ ಮಾಡಬೇಕು ಎನ್ನುವುದು ಎರಡನೇ ನಿಮಿಷಕ್ಕೆ ಹೊಳೆದದ್ದು. ಮೂರನೆಯದನ್ನೂ ಹೇಳುತ್ತೇನೆ. ಎಸ್ಸೆಸ್ಸೆಲ್ಸಿ ಫೇಲಾದ ಹುಡುಗಿಯನ್ನು ಫಾರಿನ್ನಿನವರು ಟೀಚರ್ ಅಂತ ಕರೆಸಿಕೊಂಡರು ಎಂದು ಊರಿನವರ ಬಾಯಲ್ಲಿ ಬರಲಿ ಎನ್ನುವ ಆಸೆ ನನಗೆ ಬಹಳ ಇತ್ತು.

ಜೋಡಿಗೆ ಯಾರು ಎಂದು ಹುಡುಕಬೇಕಾಗಿರಲಿಲ್ಲ. ನನ್ನ ಅಂಗಡಿಯಲ್ಲಿ ಒಂಬತ್ತು ವರ್ಷದಿಂದ ಕಟಿಂಗ್ ಮಾಡುವವಳೊಬ್ಬಳಿದ್ದಾಳೆ. ಹಳೇಕೋಟೆಯವಳು. ಗಂಡ ಹೊಲ ಮಾಡಿಕೊಂಡು, ಡೇರಿಗೆ ಹಾಲು ಹಾಕುತ್ತಾನೆ. ಮನೆಯಲ್ಲಿ ಅತ್ತೆ, ಆಗ ತಾನೇ ಏಳನೇ ಕ್ಲಾಸು ಮುಗಿಸಿದ ಒಬ್ಬಳೇ ಮಗಳು. ಕಟಿಂಗಿನಲ್ಲಿ ಇವಳು ಪೇಪರ್ ಇಟ್ಟು ಗುರುತು ಹಾಕುವವಳಲ್ಲ. ಬಟ್ಟೆ ಹಾಸಿ, ಎದುರಿಗೆ ನಿಂತವರನ್ನು ಒಂದು ಸಲ ನೋಡಿ, ನೇರವಾಗಿ ಕತ್ತರಿ ಹಾಕುತ್ತಾಳೆ. ಒಂದು ಬೆರಳಿನಷ್ಟು ಹೆಚ್ಚುಕಡಿಮೆ ಆದದ್ದು ನಾನು ಕಂಡಿಲ್ಲ. ನಾನು ಮಾತಾಡುತ್ತೇನೆ, ಅವಳು ಕತ್ತರಿಸುತ್ತಾಳೆ. ಇದಕ್ಕಿಂತ ಒಳ್ಳೆಯ ಜೋಡಿ ಎಲ್ಲಿದೆ ಎಂದು ಸಂಸ್ಥೆಯವರಿಗೂ ಅನ್ನಿಸಿತು.

ಅವರು ನನ್ನ ಕೈಗೆ ಎರಡು ಪುಟದ ಒಂದು ಇಂಗ್ಲಿಷ್ ಪತ್ರ ಕೊಟ್ಟರು. "ಇದನ್ನ ಇಬ್ಬರ ಮನೆಯವರಿಗೂ ಓದಿ ಹೇಳಿ, ಕೆಳಗೆ ಸೈನ್ ಹಾಕಿಸಿಕೊಂಡು ಬನ್ನಿ. ಓದಿ ಹೇಳೋದು ಮುಖ್ಯ" ಎಂದು ಎರಡು ಸಲ ಹೇಳಿದರು. ನನಗೆ ಇಂಗ್ಲಿಷ್ ನಿಧಾನಕ್ಕೆ ಓದಿದರೆ ತಿಳಿಯುತ್ತದೆ. ಬಸ್ಸಿನಲ್ಲಿ ಕೂತು ಓದಿದೆ. ಆ ದೇಶದ ಪರಿಸ್ಥಿತಿ ಸ್ಥಿರವಾಗಿಲ್ಲ. ರಾಜಧಾನಿಯಲ್ಲೂ ಕೆಲವು ಪಟ್ಟಣಗಳಲ್ಲೂ ಪ್ರತಿಭಟನೆ, ಬೆಂಕಿ ಹಚ್ಚುವುದು, ಗೋಲಿಬಾರ್ ನಡೆದದ್ದುಂಟು. ಯಾವಾಗ ಬೇಕಾದರೂ ಕರ್ಫ್ಯೂ ಹಾಕಬಹುದು, ವಿಮಾನ ನಿಲ್ಲಬಹುದು. ಕೇಂದ್ರವಿರುವ ಊರು ಈವರೆಗೆ ಶಾಂತವಾಗಿದೆ, ಆದರೆ ಖಾತರಿ ಕೊಡಲಾಗುವುದಿಲ್ಲ. ಇಷ್ಟೆಲ್ಲ ತಿಳಿದೂ ಬರುವವರು ಮಾತ್ರ ಬರಬೇಕು.

ಓದಿ ಮುಗಿಯುವ ಹೊತ್ತಿಗೆ ಊರು ಬಂತು. ಪತ್ರವನ್ನು ನಾಲ್ಕು ಮಡಿಕೆ ಮಾಡಿ ಪರ್ಸಿನ ಒಳಜೇಬಿಗೆ ಹಾಕಿದೆ. ನನಗೆ ಭಯವಾಗಲಿಲ್ಲ. ಭಯವಾಗಿದ್ದರೆ ಒಳ್ಳೆಯದಿತ್ತು, ಬೇರೆಯವರಿಗೂ ಆಗಬಹುದು ಎಂದು ಹೊಳೆಯುತ್ತಿತ್ತು.

ಮುಂದಿನ ಭಾನುವಾರ ಹಳೇಕೋಟೆಗೆ ಹೋದೆ. ಬರಿಗೈಯಲ್ಲಿ ಹೋಗಲಿಲ್ಲ. ತಟ್ಟೆಯಲ್ಲಿ ಎಲೆ, ಅಡಿಕೆ, ಬಾಳೆಹಣ್ಣು, ಒಂದು ರೂಪಾಯಿ ನಾಣ್ಯ, ಅತ್ತೆಗೊಂದು ಸೀರೆ. ನಮ್ಮ ಕಡೆ ಗೊತ್ತಲ್ಲ, ಮದುವೆಯಿರಲಿ, ಮನೆ ಕಟ್ಟುವ ಮಾತಿರಲಿ, ನಾಲ್ಕು ಜನರ ಮುಂದೆ ಎಲೆ-ಅಡಿಕೆ ಕೊಟ್ಟು, ಇನ್ನೊಬ್ಬರು ಅದನ್ನು ತೆಗೆದುಕೊಂಡರೆ ಮಾತು ಮುಗಿಯಿತು. ಸ್ಟ್ಯಾಂಪ್ ಪೇಪರಿನ ಮೇಲೆ ಬರೆದದ್ದನ್ನು ಕೋರ್ಟಿಗೆ ಹೋಗಿ ಮುರಿಯುವವರಿದ್ದಾರೆ. ಎಲೆ-ಅಡಿಕೆ ತಗೊಂಡು ಇಲ್ಲ ಅಂದವರನ್ನು ನಾನು ಹಳ್ಳಿಗಳಲ್ಲಿ ಕಂಡಿಲ್ಲ. ಅದು ಗೊತ್ತಿದ್ದೇ ಒಯ್ದೆ.

ಜಗಲಿಯ ಮೇಲೆ ಅವಳ ಅತ್ತೆ ಕೂತಿದ್ದರು. ಪಕ್ಕದ ಮನೆಯ ಇಬ್ಬರು ಹೆಂಗಸರು ಸೇರಿಕೊಂಡರು. ಇವಳು ಬಾಗಿಲಿಗೆ ಒರಗಿ ನಿಂತಿದ್ದಳು.

"ಯಾವೂರಿಗೆ ಅಂದ್ರಿ ತಾಯಿ?" ಅಂತ ಅತ್ತೆ ಕೇಳಿದರು.

"ದುಬೈ ಮೇಲೆ ಹೋಗೋದು ದೊಡ್ಡವ್ವ."

ಸುಳ್ಳಲ್ಲ. ವಿಮಾನ ಬದಲಾಯಿಸುವುದು ದುಬೈನಲ್ಲೇ.

"ದುಬೈ ಆದ್ರೆ ಸರಿ ಬುಡಿ. ನಮ್ಮ ಕೆಳಗಿನ ಮನೆ ಉಡ್ಗ ಅಲ್ಲೇ ಡ್ರೈವರ್ ಆಗವ್ನೆ. ಬರೋವಾಗ ಟೀವಿ ಒತ್ಕಂಡು ಬಂದಿದ್ದ."

ಪಕ್ಕದ ಮನೆಯಾಕೆ ಬಿಡಲಿಲ್ಲ. "ಅಲ್ಲಿ ಗಲಾಟೆ ಗಿಲಾಟೆ ಇಲ್ವೇನವ್ವಾ? ಎಣ್ಣೆಂಗುಸ್ರು ಇಬ್ರೇ ಓಯ್ತೀರಲ್ಲ."

"ಗಲಾಟೆ ಎಲ್ಲಿಲ್ಲ ಹೇಳಿ? ಎಲೆಕ್ಷನ್ ಬಂದ್ರೆ ನಿಮ್ಮೂರಲ್ಲೇ ಕುರ್ಚಿ ಹಾರಾಡಲ್ವಾ?" ಅಂದೆ. ಎಲ್ಲರೂ ನಕ್ಕರು. ನಗು ಬಂದ ಮೇಲೆ ಪ್ರಶ್ನೆ ಮತ್ತೆ ಏಳುವುದಿಲ್ಲ. ಇದು ವ್ಯಾಪಾರದಲ್ಲಿ ಕಲಿತದ್ದು.

ಆ ನಗು ನಿಲ್ಲುವುದರೊಳಗೆ ತಟ್ಟೆಯನ್ನು ಎತ್ತಿ ಇವಳ ಮುಂದೆ ಹಿಡಿದೆ. ಅವಳು ಅತ್ತೆಯ ಮುಖ ನೋಡಿದಳು. ಅತ್ತೆ, "ಈಸ್ಕಳವ್ವ, ಒಂಬತ್ತು ವರ್ಸ ಅನ್ನ ಕೊಟ್ಟೋರು" ಅಂದರು. ಸೆರಗಿನಲ್ಲಿ ಕೈ ಒರೆಸಿಕೊಂಡು ಅವಳು ತೆಗೆದುಕೊಂಡಳು. ಡೇರಿಯಿಂದ ಬಂದ ಗಂಡ ಕ್ಯಾನು ಕೆಳಗಿಟ್ಟು, ನಾನು ಬೆರಳಿಟ್ಟು ತೋರಿಸಿದ ಕಡೆ ಸೈನ್ ಹಾಕಿದ. "ಏನಕ್ಕ ಇದು?" ಅಂದ. "ಊಟ ವಸತಿ ಅವರದೇ ಅಂತ ಬರ್ದಿದಾರೆ" ಅಂದೆ. ಅದನ್ನೂ ಬರೆದಿದ್ದರು, ಎರಡನೇ ಪುಟದ ಕೊನೆಯ ಸಾಲಿನಲ್ಲಿ.

ಅಲ್ಲಿಂದ ಮೂರು ತಿಂಗಳು ತಯಾರಿ. ಅವಳ ಶಾಲೆಯ ಟೀಸಿಯಲ್ಲಿ ಹೆಸರಿನ ಮುಂದೆ ಅಪ್ಪನ ಊರಿನ ಅಕ್ಷರ, ಆಧಾರಿನಲ್ಲಿ ಗಂಡನ ಹೆಸರು. ಪಾಸ್‌ಪೋರ್ಟಿಗೆಂದು ಹಾಸನಕ್ಕೆ ನಾಲ್ಕು ಸಲ ಹೋದೆವು. ವಿಚಾರಣೆಗೆ ಪೊಲೀಸಿನವರು ಹಳೇಕೋಟೆಗೆ ಬಂದಾಗ ಊರಿಗೆ ಊರೇ ಜಗಲಿ ಮುಂದೆ ನಿಂತಿತ್ತಂತೆ. "ಏನ್ಲಾ, ನಿನ್ನೆಂಡ್ರು ಏನ್ ಕದ್ಲು?" ಅಂತ ಗಂಡನನ್ನು ಯಾರೋ ಕೇಳಿದರಂತೆ. ಅದನ್ನು ಹೇಳಿಕೊಂಡು ಅವಳೂ ನಕ್ಕಳು. ಹಾಸನದಲ್ಲಿ ಇಬ್ಬರಿಗೂ ಸೂಟ್‌ಕೇಸ್ ತಗೊಂಡೆವು. ಚಟ್ನಿಪುಡಿ, ಹುರಿದ ಅವಲಕ್ಕಿ, ಮಾತ್ರೆ, ಎರಡು ಜೊತೆ ಕತ್ತರಿ, ಸೀಮೆಸುಣ್ಣ, ಅಳತೆ ಟೇಪು. ನಾನು ಅಂಗಡಿಯ ಗೋಡೆಗೆ ಪಟ್ಟಿ ಅಂಟಿಸಿ ಒಂದೊಂದನ್ನೇ ಹೊಡೆದು ಹಾಕುತ್ತಿದ್ದೆ. ಪರ್ಸಿನ ಒಳಜೇಬಿನ ಪತ್ರ ಆ ಪಟ್ಟಿಯಲ್ಲಿ ಇರಲಿಲ್ಲ. ಒಂದು ಜೆರಾಕ್ಸ್ ಇಟ್ಟುಕೊಂಡು, ಸೈನ್ ಹಾಕಿಸಿದ ಹಾಳೆಯನ್ನು ಸಂಸ್ಥೆಗೆ ಕೊಟ್ಟಾಗ, "ಓದಿ ಹೇಳಿದ್ರಾ?" ಎಂದು ಅವರು ಮತ್ತೆ ಕೇಳಿದರು. "ಹೇಳದೆ ಇರ್ತೀನಾ ಮೇಡಂ" ಅಂದೆ. ಹಾಗೆ ಅವರಿಗೂ ಮೋಸ ಮಾಡಿದ ಹಾಗಾಯಿತು.

ಆ ದಿನಗಳಲ್ಲಿ ಅವಳು ಬಹಳ ಕಡಿಮೆ ಮಾತಾಡುತ್ತಿದ್ದಳು. ಮೊದಲಿನಿಂದಲೂ ಅವಳು ಮಾತಿನವಳಲ್ಲ, ನಾನು ಗಮನಿಸಲಿಲ್ಲ. ಮಧ್ಯಾಹ್ನ ಊಟಕ್ಕೆ ಎಲ್ಲರೂ ಹಿಂದಿನ ಕೋಣೆಗೆ ಹೋದರೆ ಅವಳು ಮಿಷನ್ ಮುಂದೆಯೇ ಕೂತು ಏನೋ ಹೊಲಿಯುತ್ತಿದ್ದಳು. ಮಗಳಿಗೆ ಯೂನಿಫಾರ್ಮ್ ಅಂದಳು. ಎಂಟನೇ ಕ್ಲಾಸಿಗೆ ಹೋಗುತ್ತಿದ್ದಾಳಲ್ಲ, ಚೂಡಿದಾರ್. ಬಟ್ಟೆ ನಮ್ಮದೇ ಅಂಗಡಿಯದು, ತಗೋ ಅಂದಿದ್ದೆ.

ಜೂನ್ ಮುಗಿಯುತ್ತಾ ಬಂದಿತ್ತು. ಹೊರಡುವುದಕ್ಕೆ ಹನ್ನೆರಡು ದಿನ. ಅರಕಲಗೂಡಿನ ಅಂಗಡಿಯವರ ಮಾಲನ್ನು ಎಣಿಸಿ ಕಟ್ಟುವಾಗ ಅವಳ ಕಪಾಟಿನಲ್ಲಿ ಒಂದು ಗಂಟು ಸಿಕ್ಕಿತು. ನಮ್ಮ ಮಾಲೇ ಇರಬೇಕು ಎಂದು ಬಿಚ್ಚಿದೆ. ಒಂದೇ ಬಣ್ಣದ ಮೂರು ಜೊತೆ ಯೂನಿಫಾರ್ಮ್. ಒಂದರ ಮೇಲೊಂದು ಇಟ್ಟು ನೋಡಿದೆ. ಮೂರೂ ಬೇರೆ ಬೇರೆ ಅಳತೆ. ಒಂದಕ್ಕಿಂತ ಒಂದು ಎದೆಯಲ್ಲಿ ಎರಡಿಂಚು ಜಾಸ್ತಿ, ಉದ್ದದಲ್ಲಿ ಮೂರಿಂಚು ಜಾಸ್ತಿ. ಪ್ರತಿಯೊಂದಕ್ಕೂ ಗುಂಡುಪಿನ್ನಿನಲ್ಲಿ ಒಂದು ಚೀಟಿ ಚುಚ್ಚಿತ್ತು. ಎಂಟು. ಒಂಬತ್ತು. ಹತ್ತು.

ನಾನು ಮೂವತ್ತು ವರ್ಷದಿಂದ ಮಕ್ಕಳ ಬಟ್ಟೆ ಹೊಲಿಸುತ್ತಿದ್ದೇನೆ. ತಾಯಂದಿರು, ಒಂದು ವರ್ಷ ಬರಲಿ, ಸ್ವಲ್ಪ ದೊಗಳೆ ಇರಲಿ ಅನ್ನುತ್ತಾರೆ. ಒಳಗೆ ಬಟ್ಟೆ ಬಿಟ್ಟು ಹೊಲಿ, ಆಮೇಲೆ ಬಿಚ್ಚಿಕೊಳ್ಳೋಣ ಅನ್ನುತ್ತಾರೆ. ಮುಂದೆ ಬೆಳೆಯಲಿರುವ ಮೈಗೆ ಈಗಲೇ ಅಳತೆ ಊಹಿಸಿ ಮೂರು ವರ್ಷದ ಬಟ್ಟೆ ಹೊಲಿದಿಡುವ ತಾಯಿಯನ್ನು ನಾನು ನೋಡಿರಲಿಲ್ಲ. ಎರಡು ತಿಂಗಳಿಗೆ ಹೋಗಿ ಬರುವವರು ಹಾಗೆ ಹೊಲಿಯುವುದಿಲ್ಲ.

ಅವಳನ್ನು ಕರೆದೆ. ಗಂಟು ಮೇಜಿನ ಮೇಲೆ ಬಿಚ್ಚಿಕೊಂಡೇ ಇತ್ತು.

"ಏನೇ ಇದು?"

"ಬಟ್ಟೆ ಉಳ್ದಿತ್ತಲ್ಲ ಅಕ್ಕ."

"ಬಟ್ಟೆ ಉಳಿದ್ರೆ ಹತ್ತನೇ ಕ್ಲಾಸಿಗೂ ಹೊಲೀತಾರಾ?"

ಅವಳು ಚೀಟಿಗಳನ್ನು ಸರಿಮಾಡಿದಳು. "ನಮ್ಮತ್ತೆಗೆ ಕಣ್ ಸರ್ಯಾಗಿ ಕಾಣಕಿಲ್ಲ. ಅವ್ರಪ್ಪಂಗೆ ಅಳತೆ ಅಂದ್ರೆ ಏನೂಂತ ಗೊತ್ತಿಲ್ಲ. ಅದ್ಕೇ ಬರ್ದೆ."

"ಯಾರು ಏನು ಹೇಳಿದ್ರು ನಿಂಗೆ?"

"ಯಾರೂ ಏಳ್ಲಿಲ್ಲ. ಆ ದೇಶದ ಎಸ್ರು ವೀಸಾ ಅರ್ಜಿ ಕಾಗದದಲ್ಲಿ ಇತ್ತು. ಮಗಳು ಮೊಬೈಲಲ್ಲಿ ಆಕಿ ತೋರ್ಸಿದ್ಲು. ಬಸ್‌ಗೆ ಬೆಂಕಿ ಇಟ್ಟಿದ್ರು. ಎರಡು ತಿಂಗ್ಳಾಯ್ತು."

"ಎರಡು ತಿಂಗಳಿಂದ ಗೊತ್ತಿದ್ದು ಬಾಯಿ ಬಿಡಬಾರದಾ?"

"ಎಲೆ-ಅಡಿಕೆ ಈಸ್ಕಂಡಿದ್ದೀನಲ್ಲ ಅಕ್ಕ."

"ಅದಕ್ಕೆ? ನನ್ನನ್ನ ಒಂದು ಮಾತು ಕೇಳಬೇಕಿತ್ತು."

"ಕೇಳಿದ್ರೆ ನಿಜ ಏಳ್ತಿದ್ರಾ?"

ಚುಚ್ಚಬೇಕೆಂದು ಕೇಳಿದ್ದಲ್ಲ. ತೋಳು ಎಷ್ಟುದ್ದ ಇಡಲಿ ಎಂದು ಗಿರಾಕಿಯನ್ನು ಕೇಳುತ್ತಾಳಲ್ಲ, ಅದೇ ದನಿಯಲ್ಲಿ ಕೇಳಿದಳು. ಉತ್ತರಕ್ಕೆ ಕಾದಳು. ಆಮೇಲೆ ಗಂಟು ಕಟ್ಟಿ ಕಪಾಟಿಗಿಟ್ಟು, ಚನ್ನರಾಯಪಟ್ಟಣದ ಲಂಗಗಳನ್ನು ಕತ್ತರಿಸುವುದಕ್ಕೆ ಹೋದಳು.

ಆ ದಿನ ನಾನು ಯೋಚಿಸಿದ್ದು ಕೂಡ ಅಷ್ಟು ಒಳ್ಳೆಯದೇನಲ್ಲ. ಟಿಕೆಟ್ ಆಗಿದೆ, ವೀಸಾ ಆಗಿದೆ, ಇನ್ನು ಹನ್ನೆರಡೇ ದಿನ. ಅವಳಿಗೆ ಹೇಗೂ ಗೊತ್ತಾಗಿದೆ, ಗೊತ್ತಾಗಿಯೂ ಬರುತ್ತಿದ್ದಾಳೆ, ಅಂದ ಮೇಲೆ ಇನ್ನು ನನ್ನದೇನು ತಪ್ಪು ಎಂದು ಸಂಜೆವರೆಗೂ ಮನಸ್ಸಿನಲ್ಲಿ ಚೌಕಾಸಿ ಮಾಡಿದೆ. ಗಿರಾಕಿ ಮೋಸವನ್ನು ಕಂಡುಹಿಡಿದೂ ಮಾಲು ತಗೊಂಡರೆ ಅದು ಮೋಸವಲ್ಲ ಎನ್ನುವಂಥ ವಾದ. ಆ ವಾದ ನಿಲ್ಲಲಿಲ್ಲ. ಅವಳು ಬರುತ್ತಿರಲಿಲ್ಲ, ನಾನು ಎಳೆದುಕೊಂಡು ಹೋಗುತ್ತಿದ್ದೆ. ಕೈಗೆ ಹಗ್ಗ ಕಟ್ಟಿದ್ದರೆ ಊರಿನವರು ಬಿಡಿಸುತ್ತಿದ್ದರು. ನಾನು ಕಟ್ಟಿದ್ದು ನಾಲ್ಕು ಎಲೆಯಲ್ಲಿ. ಅದನ್ನು ಬಿಡಿಸುವ ಅಧಿಕಾರ ಅವಳಿಗಿಲ್ಲ, ಗಂಡನಿಗಿಲ್ಲ, ಅತ್ತೆಗೂ ಇಲ್ಲ. ಕೊಟ್ಟವಳೇ ಬಿಡಿಸಬೇಕು.

ಅವಳಿಗೆ ಅಂಗಡಿಯಲ್ಲೇ, "ನೀನು ಬರಬೇಡ ಬಿಡು" ಅಂದುಬಿಡಬಹುದಿತ್ತು. ಹಾಗೆ ಅಂದಿದ್ದರೆ ಹಳೇಕೋಟೆಯಲ್ಲಿ, ಮಾತು ತಪ್ಪಿದವಳು ಎಂದು ಅವಳ ಹೆಸರಿಗೇ ಬರುತ್ತಿತ್ತು. ಅದಕ್ಕೆ ಮಾರನೇ ದಿನ ಬೆಳಿಗ್ಗೆ ಮತ್ತೆ ತಟ್ಟೆ ತುಂಬಿಸಿಕೊಂಡು, ಪರ್ಸಿನಲ್ಲಿ ಆ ಪತ್ರದ ಪ್ರತಿ ಇಟ್ಟುಕೊಂಡು, ಬಸ್ ಹತ್ತಿದೆ.

ಅದೇ ಜಗಲಿ. ಅತ್ತೆಗೆ ಹೇಳಿ ಪಕ್ಕದ ಮನೆಯ ಆ ಇಬ್ಬರನ್ನೂ ಕರೆಸಿದೆ. ಗಂಡ ಹೊಲಕ್ಕೆ ಹೊರಟಿದ್ದವನು ನಿಂತ. ಅವಳು ಆ ದಿನ ಕೆಲಸಕ್ಕೆ ಹೊರಡುವುದರಲ್ಲಿದ್ದಳು. ಊಟದ ಡಬ್ಬಿ ಕೈಯಲ್ಲೇ ಇತ್ತು.

"ದೊಡ್ಡವ್ವ, ನಾನು ಅವತ್ತು ಕೊಟ್ಟ ಎಲೆ-ಅಡಿಕೆ ವಾಪಸ್ ಕೇಳೋಕೆ ಬಂದಿದೀನಿ."

ಅತ್ತೆ ಕಣ್ಣು ಕಿರಿದು ಮಾಡಿ ನೋಡಿದರು. "ಅದ್ನ ಅವತ್ತೇ ಆಕ್ಕಂಡು ಉಗ್ದಾಯ್ತಲ್ಲವ್ವ. ಈಗ ಎಲ್ಲಿಂದ ತರಾದು?"

ಪಕ್ಕದ ಮನೆಯಾಕೆ ಕಿಸಕ್ಕೆಂದಳು. "ಸೀರೆ ಐತಲ್ಲ, ಅದ್ನಾರ ಕೊಡು."

"ಏಯ್ ಸುಮ್ಕಿರೇ, ಸೀರೆ ಕೊಡಾಕಾಯ್ತದಾ? ಒಂದ್ಸತಿ ಉಟ್ಬುಟ್ಟಿವ್ನಿ" ಅಂದರು ಅತ್ತೆ. ಆಮೇಲೆ ನನ್ನ ಕಡೆ ತಿರುಗಿದರು. "ನನ್ ವಯಸ್ಸಿಗೆ ಎಲೆ-ಅಡಿಕೆ ವಾಪಸ್ ಕೇಳ್ಕಂಡು ಬಂದೋರ ಇವತ್ತೇ ನೋಡಿದ್ದು. ಯಾಕೆ, ನಮ್ ಉಡುಗಿ ಏನಾರ ತಪ್ ಮಾಡಿದ್ಲಾ?"

"ಅವಳು ಮಾಡಿಲ್ಲ. ನಾನು ಮಾಡಿದ್ದು."

ಪತ್ರ ತೆಗೆದು ಹೇಳುವುದಕ್ಕೆ ಶುರುಮಾಡಿದೆ. ಇಂಗ್ಲಿಷಿನ ಒಂದು ಸಾಲು ಓದುವುದು, ಕನ್ನಡದಲ್ಲಿ ಹೇಳುವುದು. ಆಗಲೂ ನನ್ನ ನಾಲಗೆ ನನ್ನ ಮಾತು ಕೇಳಲಿಲ್ಲ ನೋಡಿ. "ಅಲ್ಲಲ್ಲಿ ಸ್ವಲ್ಪ ಗಲಾಟೆ ಆಗ್ತಾ ಇರುತ್ತೆ" ಅಂದೆ. ಗಂಡ ತಲೆಯೆತ್ತಿದ.

"ಸ್ವಲ್ಪ ಅಂತ ಬರ್ದವ್ರಾ ಅಕ್ಕ?"

ಇರಲಿಲ್ಲ. ಆ ಸಾಲನ್ನು ಮತ್ತೆ ಓದಿದೆ. ಬೆಂಕಿ ಅಂದೆ. ಗೋಲಿಬಾರ್ ಅಂದೆ. ಕರ್ಫ್ಯೂ ಹಾಕಿದರೆ ಮನೆಯಿಂದ ಹೊರಗೆ ಬರುವಂತಿಲ್ಲ, ವಿಮಾನ ನಿಂತರೆ ಯಾವಾಗ ವಾಪಸ್ ಬರುವುದು ಎಂದು ಹೇಳಲಾಗುವುದಿಲ್ಲ ಅಂದೆ. ಖಾತರಿ ಇಲ್ಲ ಎನ್ನುವ ಸಾಲನ್ನೂ ಓದಿದೆ. ಊಟ ವಸತಿಯ ಸಾಲು ಬರುವ ಹೊತ್ತಿಗೆ ಯಾರೂ ಕೇಳಿಸಿಕೊಳ್ಳುತ್ತಿರಲಿಲ್ಲ.

ಗಂಡ ಬೈಯಲಿಲ್ಲ. "ಇದ್ಕೇ ಸೈನ್ ಆಕ್ಸ್ಕಂಡ್ರಲ್ಲ ಅಕ್ಕ ನನ್ ಕೈಲಿ" ಅಂದ. ಬೈದಿದ್ದರೆ ನಾನೂ ನಾಲ್ಕು ಮಾತು ಆಡಿ ಹಗುರಾಗುತ್ತಿದ್ದೆನೇನೋ.

ಅತ್ತೆ, "ದುಬೈ ಅಂದ್ರಿ" ಅಂದರು.

"ದುಬೈ ಮೇಲೆ ಅಂದೆ."

"ನಂಗೆ ಮೇಲೆ ಕೆಳಗೆ ಗೊತ್ತಾದದಾ ತಾಯಿ? ನಿಮ್ಗೆ ಗೊತ್ತಿತ್ತಲ್ಲ."

ನಾನು ತಂದಿದ್ದ ತಟ್ಟೆಯನ್ನು ಅವರೇ ಹತ್ತಿರಕ್ಕೆ ಎಳೆದುಕೊಂಡರು. ಎಲೆಗಳನ್ನು ಒಂದೊಂದಾಗಿ ಎಣಿಸಿ ಜೋಡಿಸಿದರು. ಸೊಸೆಯ ಮುಂದೆ ಸರಿಸಿ, "ಅವತ್ತು ಈಸ್ಕ ಅಂದಿದ್ದು ನಾನು. ಇವತ್ತು ನಾನೇನೂ ಅನ್ನಕಿಲ್ಲ. ಎಲ್ಲಾ ಕೇಳ್ಕಂಡಿದ್ದೀಯಲ್ಲ, ಓಗೋದಾದ್ರೆ ತಗೊ, ಇಲ್ದಿದ್ರೆ ಬುಡು. ನಿನ್ನಿಷ್ಟ" ಅಂದರು.

ನಾನು ಅವಳ ಮುಖ ನೋಡಿದೆ. ಸುಳ್ಳು ಹೇಳಲಾರೆ, ಆ ಕ್ಷಣದಲ್ಲೂ ಅವಳು ತೆಗೆದುಕೊಳ್ಳಲಿ ಎಂದು ಮನಸ್ಸಿನ ಒಂದು ಮೂಲೆಯಲ್ಲಿತ್ತು. ಎಲ್ಲ ಹೇಳಿಬಿಟ್ಟು, ಮಾನವನ್ನೂ ಉಳಿಸಿಕೊಂಡು, ಅವಳನ್ನೂ ಕರೆದುಕೊಂಡು ಹೋಗಿಬಿಡಬಹುದು ಎನ್ನುವ ಆಸೆ.

ಅವಳು ಡಬ್ಬಿಯನ್ನು ಜಗಲಿಯ ಮೇಲಿಟ್ಟಳು. ತಟ್ಟೆಯಿಂದ ಎರಡು ಎಲೆ ತೆಗೆದು, ತೊಟ್ಟು ಮುರಿದು, ಬೆನ್ನಿಗೆ ಸುಣ್ಣ ಸವರಿ, ಅಡಿಕೆ ಇಟ್ಟು ಮಡಿಸಿ ಅತ್ತೆಯ ಕೈಗೆ ಕೊಟ್ಟಳು.

"ನೀವು ಆಕ್ಕಳಿ ಅತ್ತೆ. ನಾನು ಓಗಕಿಲ್ಲ."

ಒಂದು ಗಳಿಗೆ ಕೂಡ ಯೋಚಿಸಲಿಲ್ಲ. ಎರಡು ತಿಂಗಳಿನಿಂದ ಅವಳ ಬಾಯಲ್ಲಿ ಇದ್ದ ಮಾತು ಅದೊಂದೇ ಇರಬೇಕು. ಆಮೇಲೆ ಡಬ್ಬಿ ಎತ್ತಿಕೊಂಡು, "ಬಸ್ ಬತ್ತದೆ ಅಕ್ಕ, ನಡೀರಿ" ಅಂದಳು. ಇಬ್ಬರೂ ಒಂದೇ ಬಸ್ಸಿನಲ್ಲಿ ಬಂದೆವು. ಟಿಕೆಟ್ ಅವಳೇ ತೆಗೆದಳು, ಇಬ್ಬರದೂ. ಹೆಂಗಸರಿಗೆ ದುಡ್ಡಿಲ್ಲ ಬಿಡಿ, ಆದರೂ ನನ್ನ ಆಧಾರನ್ನು ಕೇಳಿ ಇಸಿದುಕೊಂಡು ಕಂಡಕ್ಟರಿಗೆ ತೋರಿಸಿದ್ದು ಅವಳು.

ಅವತ್ತೇ ಹಾಸನಕ್ಕೆ ಫೋನ್ ಮಾಡಿ ಎಲ್ಲವನ್ನೂ ಹೇಳಿದೆ. ಅವರು ನನ್ನನ್ನೂ ಬೇಡ ಅಂದಿದ್ದರೆ ನ್ಯಾಯವಾಗುತ್ತಿತ್ತು. ಸ್ವಲ್ಪ ಹೊತ್ತು ಬೈದು, ಅರಕಲಗೂಡಿನ ಒಬ್ಬ ನಿವೃತ್ತ ಹೊಲಿಗೆ ಟೀಚರನ್ನು ಕೇಳಿದರು. ಅವರು ಮೊದಲೇ ಬೇರೊಂದು ತಂಡಕ್ಕೆಂದು ಕಾಗದಪತ್ರ ಮಾಡಿಸಿಟ್ಟುಕೊಂಡಿದ್ದವರು, ನನಗೂ ಹಳೆಯ ಪರಿಚಯ. ಪತ್ರವನ್ನು ಅವರ ಮಗನೇ ಓದಿ ಹೇಳಿದನಂತೆ. ಅವರು ಬೇರೆ ಟಿಕೆಟ್ ಮಾಡಿಸಿಕೊಂಡರು. ಹೋದೆವು, ಎಂಟು ವಾರ ಕಲಿಸಿದೆವು, ಬಂದೆವು. ಒಂದು ವಾರ ಪೂರ್ತಿ ಬಾಗಿಲು ಹಾಕಿಕೊಂಡು ಒಳಗಿದ್ದೆವು, ದೂರದ ಪಟ್ಟಣದಲ್ಲಿ ಏನೋ ಆಗಿತ್ತು. ನಮ್ಮ ಕೂದಲೂ ಕೊಂಕಲಿಲ್ಲ.

ಕಷ್ಟ ಶುರುವಾದದ್ದು ಅಲ್ಲಿಂದ. ಎಲ್ಲರೂ, "ನೋಡಿ, ಏನೂ ಆಗಲಿಲ್ಲ, ಅವಳೂ ಬಂದಿದ್ದರೆ ಚೆನ್ನಾಗಿತ್ತು, ಹೆದರಿ ಕಳಕೊಂಡಳು" ಅನ್ನುತ್ತಾರೆ. ನಾನೂ ಹೌದು ಅಂದುಬಿಟ್ಟರೆ ನನ್ನ ತಪ್ಪು ಅವಳ ತಪ್ಪಾಗುತ್ತದೆ. ಏನೂ ಆಗಲಿಲ್ಲ ಎಂದ ಮಾತ್ರಕ್ಕೆ ನಾನು ಮುಚ್ಚಿಟ್ಟದ್ದು ಸರಿಯಾಗುವುದಿಲ್ಲ. ನನ್ನ ಅದೃಷ್ಟ ಚೆನ್ನಾಗಿತ್ತು ಎಂದಷ್ಟೇ ಆಗುತ್ತದೆ. ಹೊರಡುವ ಮುಂಚಿನ ಆ ಎರಡು ತಿಂಗಳು ಅವಳು ಅಳತೆ ಊಹಿಸುತ್ತಾ, ತಾನಿಲ್ಲದ ಮನೆಯಲ್ಲಿ ಮಗಳು ಎಷ್ಟೆತ್ತರ ಆಗುತ್ತಾಳೆ ಎಂದು ಕಣ್ಣಿಗೆ ತಂದುಕೊಳ್ಳುತ್ತಾ ಕೂತಿದ್ದು ಆಗಿಹೋಗಿದೆ. ಅದಕ್ಕೆ ಏನು ಕೊಟ್ಟರೂ ಸರಿಹೋಗುವುದಿಲ್ಲ. ಗೌರಿ ಹಬ್ಬಕ್ಕೆ ಅವಳಿಗೆ ಸಂಬಳ ಜಾಸ್ತಿ ಮಾಡಿದೆ. ಅವಳು, "ಯಾಕಕ್ಕ?" ಅಂದಳು. "ಹಬ್ಬ ಅಲ್ವಾ" ಅಂದೆ. "ಹಂಗಾದ್ರೆ ಎಲ್ರಿಗೂ ಮಾಡಿ" ಅಂದಳು. ಎಲ್ಲರಿಗೂ ಮಾಡಿದೆ.

ಈಗಲೂ ಎದುರಿನ ಮೇಜಿನಲ್ಲೇ ಕಟಿಂಗ್ ಮಾಡುತ್ತಾಳೆ. ಅಕ್ಕ ಅಂತಲೇ ಕರೆಯುತ್ತಾಳೆ. ಆದರೆ ಈಗ ನಾನು ಯಾವ ಕಾಗದ ಕೊಟ್ಟರೂ, ಹೊಸ ಆರ್ಡರಿನ ಅಳತೆ ಪಟ್ಟಿಯನ್ನೇ ಕೊಟ್ಟರೂ, ಪಕ್ಕಕ್ಕೆ ತಗೊಂಡು ಹೋಗಿ ತಾನೊಂದು ಸಲ ಓದಿಕೊಳ್ಳುತ್ತಾಳೆ. ನಾನು ಕಾಯುತ್ತೇನೆ.

ನೀವೂ ಇಂಥ ಕೆಲಸಕ್ಕೆ ಹೊರಡುವವರಾದರೆ, ಅನುಭವದಿಂದ ಹೇಳುತ್ತೇನೆ, ಕೇಳಿ. ಟೀಸಿ, ಆಧಾರ್, ಬ್ಯಾಂಕಿನ ಪುಸ್ತಕ, ಮೂರರಲ್ಲೂ ಹೆಸರು ಒಂದೇ ಥರ ಮಾಡಿಸಿಕೊಂಡು ಆಮೇಲೆ ಪಾಸ್‌ಪೋರ್ಟಿಗೆ ಹಾಕಿ, ಅರ್ಧ ತಿರುಗಾಟ ತಪ್ಪುತ್ತದೆ. ಕತ್ತರಿಯನ್ನು ಕೈಚೀಲದಲ್ಲಿಡಬೇಡಿ, ದೊಡ್ಡ ಪೆಟ್ಟಿಗೆಗೆ ಹಾಕಿ. ವಿಭೂತಿ ಪುಡಿಯನ್ನು ಪ್ಲಾಸ್ಟಿಕ್ಕಿನಲ್ಲಿ ಕಟ್ಟಿಕೊಳ್ಳಬೇಡಿ, ಬಿಳಿ ಪುಡಿ ಎಂದು ಅನುಮಾನಪಡುತ್ತಾರೆ, ಗಟ್ಟಿಯೇ ಒಯ್ಯಿರಿ. ಕೊರಳಲ್ಲಿ ಬೆಳ್ಳಿಯ ಕರಡಿಗೆ ಇರುವವರು ತಪಾಸಣೆಯಲ್ಲಿ ತೆಗೆಯಲು ಹೇಳಿದರೆ ಗಾಬರಿಯಾಗಬೇಡಿ, ಲಿಂಗ ಇದೆ ಎಂದು ಕೈಯಲ್ಲಿ ಹಿಡಿದು ತೋರಿಸಿದರೆ ನೋಡಿ ಬಿಡುತ್ತಾರೆ. ಮಾತ್ರೆಗಳಿಗೆ ಡಾಕ್ಟರ ಚೀಟಿ ಇರಲಿ. ಟಿಕೆಟನ್ನು ದುಡ್ಡು ವಾಪಸ್ ಬರುವಂಥದ್ದನ್ನೇ ತಗೊಳ್ಳಿ, ಅಲ್ಲಿ ಮಾತ್ರ ಚೌಕಾಸಿ ಬೇಡ.

ಜೊತೆಗೆ ಯಾರನ್ನಾದರೂ ಕರೆದೊಯ್ಯುವುದಾದರೆ ಇನ್ನೂ ಜಾಗ್ರತೆ. ಅವರಿಗೆ ಸಂಬಳ ಕೊಡುವವರು ನೀವೇ ಆಗಿದ್ದರೆ ಅವರು ಹೂಂ ಅಂದದ್ದನ್ನು ಅರ್ಧ ಎಂದು ತಿಳಿಯಿರಿ. ಅಪಾಯದ ವಿಷಯವಿರುವ ಕಾಗದವನ್ನು ಕನ್ನಡಕ್ಕೆ ಮಾಡಿಸಿ, ಪ್ರಯಾಣ ಮಾಡದ ಯಾರಿಂದಲಾದರೂ ಅವರ ಮನೆಯಲ್ಲಿ ಓದಿಸಿ. ಓದುವಾಗ ನೀವು ಅಲ್ಲಿರಬೇಡಿ. ಎಂಟು ದಿನ ಬಿಡಿ, ನಡುವೆ ಫೋನ್ ಮಾಡಬೇಡಿ. ಕಳಿಸುವ ಸಂಸ್ಥೆಯವರ ನಂಬರನ್ನು ಮನೆಯ ಗೋಡೆಯ ಮೇಲೆ ದಪ್ಪ ಅಕ್ಷರದಲ್ಲಿ ಬರೆಸಿ, ನೀವು ಹೇಳಿದ್ದು ನಿಜವೋ ಅಲ್ಲವೋ ಎಂದು ನಿಮ್ಮನ್ನು ಕೇಳದೆಯೇ ವಿಚಾರಿಸಿಕೊಳ್ಳುವ ದಾರಿ ಅವರಿಗಿರಬೇಕು. ಬೆಳಿಗ್ಗೆ ಹತ್ತರ ಮೇಲೆ ಫೋನ್ ಮಾಡಲು ಹೇಳಿ, ಆಫೀಸಿನಲ್ಲಿ ಕನ್ನಡದಲ್ಲಿ ವಿವರ ಹೇಳುವವರು ಆಗ ಸಿಗುತ್ತಾರೆ.